ಮದ್ದು ಕೈಯಲ್ಲಿದ್ದೂ ಕೊಡದ ವೈದ್ಯ

ವೈದ್ಯನ ಕೈಯಲ್ಲಿ ಮದ್ದಿದೆ. ಎದುರಿಗೆ ಒಂದು ಇಡೀ ಜನಾಂಗ ಸಾಯುತ್ತಿದೆ. ವೈದ್ಯ ಮದ್ದು ಕೊಡುವುದಿಲ್ಲ. ಕೊಡದಿರುವುದೇ ಸರಿ ಎಂದು ವಾದಿಸುತ್ತಾನೆ. ಹಡಗಿನ ನಾಯಕ ಮೊದಲು ಸಿಡುಕುತ್ತಾನೆ, ರಾತ್ರಿಯೆಲ್ಲ ಯೋಚಿಸುತ್ತಾನೆ, ಕೊನೆಗೆ ಒಪ್ಪುತ್ತಾನೆ. ನೋವು ತಗ್ಗಿಸುವ ಔಷಧಿಯನ್ನಷ್ಟೇ ಕೊಟ್ಟು ಹಡಗು ಹೊರಟುಹೋಗುತ್ತದೆ.

2002ರ ಜನವರಿ 23ರಂದು ಅಮೆರಿಕದ ಯುಪಿಎನ್ ವಾಹಿನಿಯಲ್ಲಿ ಪ್ರಸಾರವಾದ ಈ ಕಂತಿನ ಹೆಸರು ‘ಡಿಯರ್ ಡಾಕ್ಟರ್’. ಧಾರಾವಾಹಿ ಸ್ಟಾರ್ ಟ್ರೆಕ್ ಸರಣಿಯ ‘ಎಂಟರ್‌ಪ್ರೈಸ್’. ಇಪ್ಪತ್ತು ವರ್ಷ ದಾಟಿದರೂ ಈ ಕಂತಿನ ಬಗ್ಗೆ ನೋಡುಗರ ಜಗಳ ತಣ್ಣಗಾಗಿಲ್ಲ. ಒಂದು ಬಣಕ್ಕೆ ಇದು ಇಡೀ ಸರಣಿಯಲ್ಲೇ ಅತ್ಯಂತ ಪ್ರಬುದ್ಧ ಕಥೆ. ಇನ್ನೊಂದು ಬಣಕ್ಕೆ ಇದು ಸಾಮೂಹಿಕ ಸಾವಿಗೆ ವಿಜ್ಞಾನದ ಹೆಸರಲ್ಲಿ ಕೊಟ್ಟ ಸಮಜಾಯಿಷಿ.

ಜಗಳ ಅರ್ಥವಾಗಬೇಕಾದರೆ ಕಥೆ ಸ್ವಲ್ಪ ಗೊತ್ತಿರಬೇಕು. ಕಾಲ 22ನೇ ಶತಮಾನ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ಹಡಗಿನಲ್ಲಿ, ಸ್ಕಾಟ್ ಬಕುಲಾ ಅಭಿನಯಿಸಿದ ನಾಯಕ ಆರ್ಚರ್ ಮತ್ತು ಜಾನ್ ಬಿಲಿಂಗ್ಸ್‌ಲಿ ಅಭಿನಯಿಸಿದ ವೈದ್ಯ ಫ್ಲಾಕ್ಸ್, ವಲಾಕಿಯನ್ ಎಂಬ ಜನರ ಗ್ರಹಕ್ಕೆ ಬರುತ್ತಾರೆ. ಫ್ಲಾಕ್ಸ್ ಮನುಷ್ಯನಲ್ಲ, ಬೇರೆ ಗ್ರಹದವನು. ತನ್ನ ಗೆಳೆಯ ವೈದ್ಯನಿಗೆ ಅವನು ಬರೆಯುವ ಪತ್ರದ ಮೂಲಕ ಕಥೆ ಸಾಗುತ್ತದೆ. ವಲಾಕಿಯನ್ನರಿಗೆ ಹಬ್ಬಿರುವ ಕಾಯಿಲೆ ಸೋಂಕಲ್ಲ, ಅವರ ವಂಶವಾಹಿಯಲ್ಲೇ ಇರುವ ದೋಷ. ಹೀಗೇ ಬಿಟ್ಟರೆ ಇನ್ನೂರು ವರ್ಷದೊಳಗೆ ಜನಾಂಗವೇ ನಿರ್ನಾಮ. ಅದೇ ನೆಲದಲ್ಲಿ ಮೆಂಕ್ ಎಂಬ ಇನ್ನೊಂದು ಜನಾಂಗವಿದೆ. ಅವರಿಗೆ ಈ ಕಾಯಿಲೆ ಇಲ್ಲ. ವಲಾಕಿಯನ್ನರು ಮೆಂಕ್‌ಗಳನ್ನು ಹೊಡೆಯುವುದಿಲ್ಲ, ಬಡಿಯುವುದಿಲ್ಲ; ಆದರೆ ಒಳ್ಳೆಯ ಭೂಮಿಯನ್ನು ತಮಗಿಟ್ಟುಕೊಂಡು, ಅವರನ್ನು ಕೈಕೆಳಗಿನ ಆಳುಗಳಂತೆ ಇಟ್ಟುಕೊಂಡಿದ್ದಾರೆ. ಮೆಂಕ್‌ಗಳ ಬುದ್ಧಿ ಬೆಳೆಯುತ್ತಿದೆ, ವಲಾಕಿಯನ್ನರ ನೆರಳು ಸರಿದರೆ ಅವರು ತಲೆಯೆತ್ತಬಹುದು ಎಂದು ಫ್ಲಾಕ್ಸ್‌ಗೆ ಅನಿಸುತ್ತದೆ. ಮದ್ದು ಕೊಟ್ಟರೆ ಪ್ರಕೃತಿಯ ನಡೆಯಲ್ಲಿ ಕೈಯಾಡಿಸಿದಂತೆ ಎನ್ನುವುದು ಅವನ ತೀರ್ಮಾನ.

ಮೊದಲು ಬರೆದ ಅಂತ್ಯ ಹೀಗಿರಲಿಲ್ಲ. ಅದರಲ್ಲಿ ವೈದ್ಯ ನಾಯಕನ ಮಾತು ಮೀರಿ ತನ್ನದೇ ತೀರ್ಮಾನಕ್ಕೆ ಅಂಟಿಕೊಳ್ಳುತ್ತಿದ್ದ. ವಾಹಿನಿಯ ಒತ್ತಾಯದಿಂದ ಅದು ಬದಲಾಗಿ, ಇಬ್ಬರೂ ಒಂದೇ ಮಾತಿಗೆ ಬಂದರು. ತೆರೆಯ ಮೇಲೆ ನಡೆಯಬೇಕಿದ್ದ ಜಗಳ ಹೀಗೆ ನೋಡುಗರ ಪಾಲಿಗೆ ಬಂತು.

ಕಂತನ್ನು ಸಮರ್ಥಿಸುವವರ ಮಾತಿನಲ್ಲಿ ತೂಕವಿದೆ. ನಿನ್ನೆ ಮೊನ್ನೆ ಬಂದಿಳಿದ ಹೊರಗಿನವರು ಒಂದು ಗ್ರಹದ ಭವಿಷ್ಯವನ್ನು ನಿರ್ಧರಿಸಬಹುದೇ? ಒಳ್ಳೆಯದನ್ನೇ ಮಾಡುತ್ತೇವೆಂದು ಬಂದವರು ನೆಲವನ್ನೇ ನುಂಗಿದ ಚರಿತ್ರೆಯನ್ನು ಭಾರತೀಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟಾರ್ ಟ್ರೆಕ್ ಲೋಕದಲ್ಲಿ ಇದಕ್ಕಾಗಿಯೇ ಒಂದು ಮೂಲ ನಿಯಮವಿದೆ: ಹಿಂದುಳಿದ ನಾಗರಿಕತೆಗಳ ಸಹಜ ಬೆಳವಣಿಗೆಯಲ್ಲಿ ತಲೆಹಾಕಬಾರದು. 1967ರಲ್ಲಿ, ವಿಯೆಟ್ನಾಂ ಯುದ್ಧ ಉರಿಯುತ್ತಿದ್ದಾಗ, ಮೂಲ ಧಾರಾವಾಹಿಯಲ್ಲಿ ಈ ನಿಯಮದ ಮಾತು ಮೊದಲು ಬಂತು. ಎಂಟರ್‌ಪ್ರೈಸ್ ಕಥೆಯ ಕಾಲಕ್ಕೆ ಆ ನಿಯಮ ಇನ್ನೂ ಹುಟ್ಟಿಲ್ಲ. ಅದು ಯಾಕೆ ಬೇಕಾಯಿತು ಎಂದು ತೋರಿಸುವುದೇ ‘ಡಿಯರ್ ಡಾಕ್ಟರ್’ ಉದ್ದೇಶ. ಮೆಂಕ್‌ಗಳ ಪರ ಮಾತಾಡಲು ಆ ಗ್ರಹದಲ್ಲಿ ಯಾರೂ ಇಲ್ಲ ಎನ್ನುವುದೂ ಸುಳ್ಳಲ್ಲ.

ಆದರೆ ಕಂತು ನಿಂತಿರುವ ವಿಜ್ಞಾನದ ನೆಲವೇ ಪೊಳ್ಳು. ವಿಕಾಸಕ್ಕೆ ಗುರಿ ಇಲ್ಲ. ಈ ಜನಾಂಗ ಅಳಿಯಲಿ, ಆ ಜನಾಂಗ ಮೇಲೇರಲಿ ಎಂದು ಅದು ಯೋಜನೆ ಹಾಕುವುದಿಲ್ಲ. ಇದ್ದ ಪರಿಸರದಲ್ಲಿ ಯಾರು ಹೆಚ್ಚು ಮಕ್ಕಳನ್ನು ಉಳಿಸಿಕೊಂಡರೋ ಅವರ ವಂಶವಾಹಿ ಮುಂದಿನ ತಲೆಮಾರಿನಲ್ಲಿ ಹೆಚ್ಚು ಕಾಣುತ್ತದೆ, ಅಷ್ಟೇ.

ಇದಕ್ಕೆ ಕನ್ನಡ ನಾಡಿನ ಕಾಡಂಚಿನಲ್ಲೇ ಉದಾಹರಣೆ ಇದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ರೋಗಿಗೆ ತಡೆಯಲಾಗದ ನೋವು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಇದು ಇದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಕಾಯಿಲೆಯಿಲ್ಲ, ಬದಲಿಗೆ ಮಾರಣಾಂತಿಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ. ಮಲೇರಿಯಾ ಕಾಡಿದ ಜಾಗಗಳಲ್ಲಿ ಈ ವಂಶವಾಹಿ ಉಳಿದುಬಂದಿದ್ದು ಇದೇ ಕಾರಣಕ್ಕೆ. ಒಂದು ಮಗುವನ್ನು ಉಳಿಸುವ ಗುಣವೇ ಇನ್ನೊಂದು ಮಗುವನ್ನು ನರಳಿಸುತ್ತದೆ. ಇದರಲ್ಲಿ ಯಾರ ತೀರ್ಪೂ ಇಲ್ಲ, ಯಾರ ಇಚ್ಛೆಯೂ ಇಲ್ಲ. ಹಾಡಿಗೆ ಹೋದ ವೈದ್ಯರು ‘ಇದು ವಿಕಾಸದ ನಡೆ’ ಎಂದು ಕೈಕಟ್ಟಿ ಕೂರುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಡುತ್ತಾರೆ. 2047ರೊಳಗೆ ಕಾಯಿಲೆಯನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಅಭಿಯಾನವನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಆರಂಭಿಸಿದೆ. ವಂಶವಾಹಿಯ ದೋಷಕ್ಕೆ ಮದ್ದು ಕೊಡುವುದು ತಪ್ಪಾದರೆ ಇನ್ಸುಲಿನ್ನೂ ತಪ್ಪು, ಕನ್ನಡಕವೂ ತಪ್ಪು.

ಹಾಗಾದರೆ ಮದ್ದು ಸಿಗದೆ ಸಾಯುವವರು ಯಾರ ತೀರ್ಮಾನದಿಂದ ಸಾಯುತ್ತಾರೆ? ಈ ಪ್ರಶ್ನೆಗೆ ಹೈದರಾಬಾದಿನ ಬಾಲಾನಗರದಲ್ಲಿ ಉತ್ತರ ಹುಡುಕಬಹುದು.

ಬೀದರ್ ಕಡೆಯಿಂದ ಹೈದರಾಬಾದಿಗೆ ಹೋಗುವ ಕನ್ನಡಿಗರಿಗೆ ಈ ದಾರಿ ಪರಿಚಿತ. ಪಟಾನ್‌ಚೆರು ದಾಟಿ ಕೂಕಟ್‌ಪಲ್ಲಿಗೆ ಬಂದರೆ ಎಡಗಡೆಗೆ ಬಾಲಾನಗರ. ಎಚ್‌ಎಎಲ್ ಘಟಕ, ಉಪಗ್ರಹ ಚಿತ್ರಗಳನ್ನು ಸಂಗ್ರಹಿಸಿ ಕೊಡುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಸಣ್ಣ ಲೇತ್ ಶೆಡ್ಡುಗಳ ಸಾಲು, ಇವುಗಳ ನಡುವೆ ಐಡಿಪಿಎಲ್ ಕಾಲೊನಿ. ಭಾರತೀಯ ಔಷಧ ಮತ್ತು ಫಾರ್ಮಾಸ್ಯುಟಿಕಲ್ಸ್ ನಿಯಮಿತ, ಅಂದರೆ ಐಡಿಪಿಎಲ್, 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ. ಆ ಹೊತ್ತಿಗೆ ಅಮೆರಿಕದ ಸೆನೆಟ್ಟಿನ ಕೆಫಾವರ್ ಸಮಿತಿಯೇ ಒಂದು ಮಾತು ಹೇಳಿತ್ತು: ಜಗತ್ತಿನಲ್ಲಿ ಔಷಧಿ ಬೆಲೆ ಅತಿ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ಬಡವರು ಹೆಚ್ಚಿದ್ದ ದೇಶದಲ್ಲಿ ಔಷಧಿ ಹೆಚ್ಚು ತುಟ್ಟಿ! ಸೋವಿಯತ್ ನೆರವಿನಿಂದ ಋಷಿಕೇಶದಲ್ಲಿ ಪ್ರತಿಜೀವಕಗಳ ಕಾರ್ಖಾನೆ, ಬಾಲಾನಗರದಲ್ಲಿ ಸಂಶ್ಲೇಷಿತ ಔಷಧಗಳ ಕಾರ್ಖಾನೆ ಎದ್ದು ನಿಂತವು.

1970ರ ಪೇಟೆಂಟ್ ಕಾಯ್ದೆ ಇನ್ನೊಂದು ಬಾಗಿಲು ತೆರೆಯಿತು. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು ಆ ಕಾಯ್ದೆ. ಬೇರೆ ವಿಧಾನ ಕಂಡುಹಿಡಿದವರು ಅದೇ ಔಷಧಿಯನ್ನು ಅಗ್ಗವಾಗಿ ತಯಾರಿಸಬಹುದಾಯಿತು. ಹಾಗೆ ಮಾಡಬಲ್ಲ ರಸಾಯನ ವಿಜ್ಞಾನಿಗಳು ಬಾಲಾನಗರದಲ್ಲಿ ತಯಾರಾಗಿದ್ದರು. ಐಡಿಪಿಎಲ್‌ನಲ್ಲಿ ಕೆಲಸ ಮಾಡಿದ ಕಲ್ಲಂ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು, ಅಲ್ಲಿ ಪಳಗಿದ ಇನ್ನೂ ಅನೇಕರು ಸ್ವಂತ ಉದ್ದಿಮೆ ಆರಂಭಿಸಿದರು. ತಾಯಿ ಕಂಪನಿ ಮಾತ್ರ 1992ರ ಹೊತ್ತಿಗೆ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು. ಆದರೂ ಹೈದರಾಬಾದ್ ಇವತ್ತು ಔಷಧಿಗಳ ನಗರವೆನಿಸಿದ್ದರ ಬೇರು ಅಲ್ಲಿದೆ.

‘ಡಿಯರ್ ಡಾಕ್ಟರ್’ ಪ್ರಸಾರವಾದ ಕಾಲವನ್ನು ಈಗ ಮತ್ತೆ ನೋಡಬೇಕು. ಆಗ ಆಫ್ರಿಕಾದಲ್ಲಿ ಏಡ್ಸ್ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಮದ್ದು ಇತ್ತು. ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರ್ ಬೆಲೆ. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಮೂರು ಔಷಧಿಗಳ ಅದೇ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆಂದು ಮುಂದೆ ಬಂದರು. ಅಗ್ಗದ ಔಷಧಿಗೆ ದಾರಿ ಮಾಡಿದ ದಕ್ಷಿಣ ಆಫ್ರಿಕಾದ ಕಾನೂನಿನ ವಿರುದ್ಧ ದಾವೆ ಹೂಡಿದ್ದ 39 ಔಷಧ ಕಂಪನಿಗಳು ಅದೇ ಏಪ್ರಿಲ್‌ನಲ್ಲಿ ಮೊಕದ್ದಮೆ ಹಿಂತೆಗೆದುಕೊಂಡವು. ಆದರೂ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕಾದ ಅನೇಕರಿಗೆ ಗಡಿಯಾರದ ಹೊತ್ತು ಗೊತ್ತಿಲ್ಲ, ಅವರು ಸಮಯಕ್ಕೆ ಸರಿಯಾಗಿ ಮಾತ್ರೆ ನುಂಗಲಾರರು ಎಂದರು. ಆಫ್ರಿಕಾದ ರೋಗಿಗಳು ಯಾರಿಗೂ ಕಡಿಮೆಯಿಲ್ಲದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಮುಂದೆ ಅಧ್ಯಯನಗಳು ತೋರಿಸಿದವು. ಈ ಎಲ್ಲ ಸುದ್ದಿಗಳು ಪತ್ರಿಕೆಗಳಲ್ಲಿ ಬಂದ ಒಂದು ವರ್ಷದೊಳಗೆ, ಮದ್ದು ಕೊಡದಿರುವುದು ವಿವೇಕ ಎನ್ನುವ ಕಥೆ ತೆರೆಗೆ ಬಂತು. ಅನೇಕರಿಗೆ ಅದು ಕಟುವಾಗಿ ಕಂಡದ್ದರಲ್ಲಿ ಅಚ್ಚರಿಯಿಲ್ಲ.

ಹೈದರಾಬಾದಿನಲ್ಲೇ ಇನ್ನೊಂದು ಪ್ರಕರಣ, ಔಷಧಿಗೂ ಪೇಟೆಂಟ್ ಸಿಗುವಂತೆ ಕಾನೂನು ಬದಲಾದ ಮೇಲಿನದು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಜರ್ಮನಿಯ ಬೇಯರ್ ಕಂಪನಿಯ ನೆಕ್ಸಾವರ್ ಔಷಧಿಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆಯಿತ್ತು. ಹೈದರಾಬಾದಿನ ನ್ಯಾಟ್ಕೊ ಫಾರ್ಮಾ ಅದನ್ನು 8,800 ರೂಪಾಯಿಗೆ ಕೊಡುತ್ತೇವೆ, ಅನುಮತಿ ಕೊಡಿ ಎಂದು ಅರ್ಜಿ ಹಾಕಿತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಭಾರತದ ಮೊದಲ ಕಡ್ಡಾಯ ಪರವಾನಗಿ ಕೊಟ್ಟರು. ಪೇಟೆಂಟ್ ಹೊಂದಿದ ಕಂಪನಿಗೆ ಮಾರಾಟದ ಮೇಲೆ ಶೇಕಡಾ 6 ರಾಯಧನ ಕೊಡಬೇಕೆಂದೂ ಆದೇಶಿಸಿದರು. ಬೇಯರ್‌ನ ಮೇಲ್ಮನವಿಗಳು ಗೆಲ್ಲಲಿಲ್ಲ. ಹೊಸ ಔಷಧಿ ಕಂಡುಹಿಡಿದವರ ಹಕ್ಕೂ ಇತ್ತು, ಸಾಯುತ್ತಿದ್ದವರ ಹಕ್ಕೂ ಇತ್ತು. ಎರಡೂ ಕಡೆಯ ಮಾತು ಕೇಳಿ, ಕಾರಣಗಳನ್ನು ಬರೆದು ತೀರ್ಮಾನವಾಯಿತು.

‘ಡಿಯರ್ ಡಾಕ್ಟರ್’ ಕಂತಿನಲ್ಲಿ ನಿಜವಾಗಿ ಚುಚ್ಚುವುದು ಇದರ ಕೊರತೆಯೇ. ತೀರ್ಮಾನ ಆಗುವ ಕೋಣೆಯಲ್ಲಿ ಇರುವವರು ಇಬ್ಬರೇ, ನಾಯಕ ಮತ್ತು ವೈದ್ಯ. ಕಾಯಿಲೆ ಬಿದ್ದ ವಲಾಕಿಯನ್ನರನ್ನು ಕೇಳುವುದಿಲ್ಲ. ಯಾರ ಒಳಿತಿಗಾಗಿ ಎನ್ನಲಾಗುತ್ತದೋ ಆ ಮೆಂಕ್‌ಗಳನ್ನೂ ಕೇಳುವುದಿಲ್ಲ. ಮದ್ದು ಕೊಟ್ಟು, ಮೆಂಕ್‌ಗಳಿಗೆ ಒಳ್ಳೆಯ ಭೂಮಿ ಬಿಟ್ಟುಕೊಡಿ ಎಂದು ವಲಾಕಿಯನ್ನರ ಜೊತೆ ಮಾತಾಡುವ ದಾರಿ ಯಾರಿಗೂ ಹೊಳೆಯುವುದಿಲ್ಲ. ಎರಡು ಜನಾಂಗಗಳಲ್ಲಿ ಒಂದು ಸಾಯಲೇಬೇಕು ಎನ್ನುವುದು ಪ್ರಕೃತಿ ಹಾಕಿದ ಷರತ್ತಲ್ಲ. ಚಿತ್ರಕಥೆ ಹಾಕಿದ ಷರತ್ತು.

ಇದೇ ಧಾರಾವಾಹಿ ಮುಂದೆ ಈ ಪ್ರಶ್ನೆಯನ್ನು ತಿರುಗಿಸಿ ಹಾಕಿತು. 2005ರ ಜನವರಿ 21ರಂದು ಬಂದ ‘ಅಬ್ಸರ್ವರ್ ಎಫೆಕ್ಟ್’ ಕಂತಿನಲ್ಲಿ ಎಂಟರ್‌ಪ್ರೈಸ್‌ನ ಇಬ್ಬರು ಸಿಬ್ಬಂದಿಗೆ ಮಾರಕ ಸೋಂಕು ತಗಲುತ್ತದೆ. ಮನುಷ್ಯರಿಗಿಂತ ಎಷ್ಟೋ ಮುಂದಿರುವ ಆರ್ಗೇನಿಯನ್ನರು ಸಿಬ್ಬಂದಿಯ ದೇಹದೊಳಗೆ ಅಡಗಿ ನೋಡುತ್ತಿರುತ್ತಾರೆ. ಉಳಿಸುವ ಶಕ್ತಿ ಅವರಿಗಿದೆ, ಆದರೆ ತಲೆಹಾಕಬಾರದೆಂಬ ನಿಯಮವೂ ಇದೆ. ಈ ಸಲ ಅಂಗಲಾಚುವವನು ಆರ್ಚರ್. ಸಾಯುತ್ತಿರುವವರನ್ನು ಸುಮ್ಮನೆ ನೋಡುತ್ತ ನಿಲ್ಲುವವರನ್ನು ಮುಂದುವರಿದವರು ಎನ್ನಲಾಗದು ಎಂಬುದು ಅವನ ವಾದ. ಅವರು ಕೊನೆಗೆ ಮನಸ್ಸು ಬದಲಿಸಿ ಉಳಿಸುತ್ತಾರೆ. ಎರಡೂ ಕಂತುಗಳನ್ನು ಒಂದರ ಹಿಂದೆ ಒಂದರಂತೆ ನೋಡಲು ಒಂದೂವರೆ ತಾಸು ಸಾಕು. ಕಾಲೇಜಿನ ವಿಜ್ಞಾನ ಸಂಘವಾಗಲಿ, ವೈದ್ಯ ವಿದ್ಯಾರ್ಥಿಗಳ ಕೂಟವಾಗಲಿ ಇದಕ್ಕಿಂತ ಒಳ್ಳೆಯ ಚರ್ಚೆಯ ವಸ್ತು ಹುಡುಕಬೇಕಿಲ್ಲ.

ಅಂಥ ಚರ್ಚೆ ಈಗ ಬೇರೆ ಗ್ರಹದ ಮಾತಾಗಿಯೂ ಉಳಿದಿಲ್ಲ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ, ಸಿಕಲ್ ಸೆಲ್ ಕಾಯಿಲೆಗೆ ವಂಶವಾಹಿಯನ್ನೇ ತಿದ್ದುವ ‘ಕ್ಯಾಸ್ಜೆವಿ’ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಇಂಥದೇ ಚಿಕಿತ್ಸೆಯನ್ನು ಕಡಿಮೆ ಖರ್ಚಿನಲ್ಲಿ ತರಲು ದುಡಿಯುತ್ತಿದ್ದಾರೆ. ಚಾಮರಾಜನಗರದ ಹಾಡಿಯ ಮಗುವಿಗೆ ಅದು ಯಾವಾಗ, ಯಾವ ಬೆಲೆಗೆ ತಲುಪಬೇಕು, ಅದನ್ನು ಗೊತ್ತುಮಾಡುವ ಸಭೆಯಲ್ಲಿ ಆ ಮಗುವಿನ ಕಡೆಯವರು ಯಾರು ಕೂರುತ್ತಾರೆ ಎನ್ನುವುದನ್ನು ಆರೋಗ್ಯ ಇಲಾಖೆಯ ಮುಂದೆ, ಶಾಸಕರ ಮುಂದೆ ಕೇಳಲು ಇದು ಸರಿಯಾದ ಹೊತ್ತು.