ಹಳೆಯ ಬಿಟ್ಟಿನ ತುದಿ, ಎದೆಯೊಳಗಿನ ಧೂಳು

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯವರಿಗೆ ಕಲ್ಲಿನ ಖಣಿ ಹೊಸದಲ್ಲ. ಮನೆಗೆ ಹಾಸುವ ಪರಸಿಯೂ ಸಿಮೆಂಟಿನ ಸುಣ್ಣದಕಲ್ಲೂ ಈ ನೆಲದವೇ. ಕಲ್ಲು ಕೊರೆಯುವ ಡ್ರಿಲ್ ರಾಡು, ಬೋರ್‌ವೆಲ್ ಬಿಟ್ಟು ಸವೆದ ಮೇಲೆ ಗುಜರಿ ಸೇರುತ್ತವೆ. ಅಲ್ಲಿ ಕಬ್ಬಿಣಕ್ಕೆ ಒಂದು ದರ, ತುದಿಯಲ್ಲಿರುವ ಬೂದುಬಣ್ಣದ ತುಣುಕಿಗೆ ಅದರ ಹಲವು ಪಟ್ಟು ದರ. ಆ ತುಣುಕನ್ನು ಕಾಯಿಸಿ, ಬಡಿದು, ಸಾಣೆ ಹಿಡಿದು ಬಿಡಿಸುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಈ ತುಣುಕು ಟಂಗ್‌ಸ್ಟನ್ ಕಾರ್ಬೈಡ್. ವರ್ಕ್‌ಶಾಪಿನವರು 'ವಿಡಿಯಾ' ಎನ್ನುತ್ತಾರೆ. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರು, 'ವಜ್ರದಂತೆ' ಎಂದರ್ಥ. (ಮಾವಿನಕಾಯಿ ಹಣ್ಣು ಮಾಡಲು ಕೆಲವರು ಕದ್ದು ಬಳಸುವ ಕಾರ್ಬೈಡ್ ಬೇರೆ.) ಇದರ ಪುಡಿಯನ್ನು ಒಂದಕ್ಕೊಂದು ಹಿಡಿದಿಡುವ ಲೋಹ ಕೋಬಾಲ್ಟ್. ಶ್ವಾಸಕೋಶಕ್ಕೆ ಮುಖ್ಯ ಶತ್ರು ಅದೇ, ಅದೂ ಕಾರ್ಬೈಡ್ ಜೊತೆ ಸೇರಿದಾಗ ಹೆಚ್ಚು.

ಮೂವತ್ತೈದರ ಆಸುಪಾಸಿನ ಒಬ್ಬಾತ ಕೆಮ್ಮು, ದಮ್ಮು ಎಂದು ನನ್ನಲ್ಲಿಗೆ ಬಂದ. ಕಫದಲ್ಲಿ ಕ್ಷಯದ ರೋಗಾಣು ಇರಲಿಲ್ಲ. ನಾನು ಎರಡು ತಿಂಗಳು ಆಸ್ತಮಾದ ಔಷಧಿ ಕೊಟ್ಟೆ. ಏನು ಕೆಲಸ ಎಂದು ಕೇಳಲೇ ಇಲ್ಲ. ಗುಟ್ಟು ಬಿಡಿಸಿದ್ದು ಆತನ ಹೆಂಡತಿ: "ಜಾತ್ರಿಗಿ ಊರಿಗಿ ಹೋದ್ರ ಆರಾಮ ಇರ್ತಾರ್ರಿ ಡಾಕ್ಟ್ರೆ, ಚಕ್ರದ ಮುಂದ ಕುಂತ್ರ ಮತ್ತ ಸುರು ಆಗ್ತದ್ರಿ." ಆರು ವರ್ಷದಿಂದ ಆತ ತಗಡಿನ ಶೆಡ್ಡಿನಲ್ಲಿ, ಬಾಯಿಗೆ ವಲ್ಲಿ ಕಟ್ಟಿಕೊಂಡು, ವಿಡಿಯಾ ತುದಿಗಳನ್ನು ಒಣಗಿದ್ದಂತೆಯೇ ಸಾಣೆ ಹಿಡಿಯುತ್ತಿದ್ದ. ಕಲಬುರಗಿಯ ಎದೆರೋಗ ತಜ್ಞರಿಗೆ ತೋರಿಸಿದಾಗ ಶ್ವಾಸಕೋಶ ಗಟ್ಟಿಯಾಗತೊಡಗಿತ್ತು.

ರಜೆಯಲ್ಲಿ ಇಳಿದು ಕೆಲಸಕ್ಕೆ ಹೋದರೆ ಏರುವ ಕೆಮ್ಮನ್ನು ಗಮನಿಸಿ. ಆ ಹಂತದಲ್ಲೇ ಕೆಲಸ ಬಿಟ್ಟರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಮುಂದುವರಿಸಿದರೆ ಶ್ವಾಸಕೋಶದಲ್ಲಿ ಕಲೆ ಕಟ್ಟುತ್ತದೆ, ಅದನ್ನು ಅಳಿಸುವ ಮಾತ್ರೆಯಿಲ್ಲ. ಕೋಬಾಲ್ಟ್ ಸೇರಿದ ಕಾರ್ಬೈಡ್ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರ ವರದಿಯಲ್ಲಿ ಹೇಳಿತು. ಖಣಿಯಲ್ಲೂ ದುಡಿದವರಾದರೆ ಕಲ್ಲಿನ ಧೂಳು ಬೇರೆ. ವಲ್ಲಿ, ಕರವಸ್ತ್ರ ಇಷ್ಟು ಸಣ್ಣ ಕಣಗಳನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಕೆಲಸದ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬೇಡಿ.

ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ತುದಿ ಕಳಚುವುದು ಇನ್ನೂ ಅಪಾಯ. ತುದಿಯನ್ನು ಕೂಡಿಸಿದ ಹಳೆಯ ಬೆಳ್ಳಿ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರಬಹುದು. ಅದು 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಮೋಸವೆಂದರೆ, ಆ ಹೊತ್ತಿಗೆ ಗಂಟಲು ಕೆರೆದಂತಾಗುವುದಷ್ಟೆ. ಕೆಲವು ಗಂಟೆಗಳ ನಂತರ, ಮನೆಗೆ ಬಂದು ಮಲಗಿದ ಮೇಲೆ ಚಳಿಜ್ವರ, ಮೈಕೈ ನೋವು, ಎದೆಬಿಗಿತ. ಫ್ಲೂ ಎಂದು ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ. ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಎರವಾಗಬಹುದು. ರಾತ್ರಿಯೇ ಆಸ್ಪತ್ರೆಗೆ ಹೋಗಿ, "ಬಿಟ್ಟು ಕಾಯಿಸಿದ್ದೆ" ಎಂದು ಮೊದಲು ಹೇಳಿ.

ಸುತ್ತಿಗೆಯ ಪೆಟ್ಟಿಗೆ ಕಾರ್ಬೈಡ್ ಗಾಜಿನಂತೆ ಸಿಡಿಯುತ್ತದೆ. ಚೂರು ಕಣ್ಣಿಗೆ ಹೊಕ್ಕರೆ ನೋವು ಕಡಿಮೆಯಿದ್ದರೂ ಉಜ್ಜಬೇಡಿ, ಸೀರೆಯ ಸೆರಗಿನಿಂದ ತೆಗೆಯಲು ಹೋಗಬೇಡಿ. ಒತ್ತಡ ಬೀಳದಂತೆ ಕಾಗದದ ಲೋಟ ಮುಚ್ಚಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಗಟ್ಟಿಲೋಹದಿಂದ ಬರುವ ಶ್ವಾಸಕೋಶದ ರೋಗ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ರೋಗಪಟ್ಟಿಯಲ್ಲಿ ಸೇರಿತ್ತು. ಆದರೆ ರಸ್ತೆ ಬದಿಯ ಶೆಡ್ಡಿನವನಿಗೆ ಮಾಲೀಕನಾರು, ಹಾಜರಿ ಪುಸ್ತಕವೆಲ್ಲಿ? ದುಡಿದ ಜಾಗ, ವರ್ಷಗಳನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ, ಎಕ್ಸ್-ರೇ ಜೋಪಾನವಾಗಿಡಿ.

ಕಾರ್ಬೈಡ್ ಮರುಬಳಕೆಯ ಕಾರ್ಖಾನೆಗಳಲ್ಲಿ ಮುಚ್ಚಿದ ಕುಲುಮೆಯಲ್ಲಿ ಸತುವಿನ ನೆರವಿನಿಂದ ಪುಡಿ ಬೇರ್ಪಡಿಸುವ ಪದ್ಧತಿಯಿದೆ. ನನ್ನ ರೋಗಿ ಈಗ ಬಿಟ್ಟುಗಳನ್ನು ಒಡೆಯದೆ ಇಡಿಯಾಗಿಯೇ ದೊಡ್ಡ ವ್ಯಾಪಾರಿಗೆ ಕೊಡುತ್ತಾನೆ. ಕೈಗೆ ಬರುವ ಹಣ ಕಡಿಮೆಯಾಗಿದೆ. ಕೆಮ್ಮು ಇಳಿದಿದೆ, ಮೆಟ್ಟಿಲೇರುವಾಗಿನ ಏದುಸಿರು ಮಾತ್ರ ಉಳಿದಿದೆ.