ನಿಜಾಮರ ಅಂಗಳದಲ್ಲಿ ನಮ್ಮ ಊರಿನವರು

ನಮ್ಮ ಸಿರ್ಗಾಪುರದ ಕಡೆಯವರಿಗೆ ಹೈದರಾಬಾದ್ ಎಂದರೆ ಆಸ್ಪತ್ರೆ, ಕೋರ್ಟು, ಮದುವೆಯ ಜವಳಿ. ಕೆಲಸ ಮುಗಿಯಿತೋ, ಸಂಜೆಯ ಬಸ್ಸು ಹಿಡಿದು ವಾಪಸ್. ಈ ಸಲ ರಜೆಯಲ್ಲಿ ನಾಲ್ಕು ಕುಟುಂಬದವರು ಕೂಡಿ, ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ನೋಡುವುದಕ್ಕೆಂದೇ ಹೋಗಿ ಬಂದೆವು. ನೋಡಿದ್ದು ನಿಜಾಮರ ಚೌಮಹಲ್ಲಾ ಅರಮನೆ.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಚಿತ್ರವನ್ನು ಮಕ್ಕಳು ಪಾಠದ ಪುಸ್ತಕದಲ್ಲಿ ನೋಡಿರುತ್ತಾರೆ. ಹದಿನಾಲ್ಕನೇ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ಅಲ್ಲಿಗೆ ವರ್ಗಾಯಿಸಿದ. ಸಾಲು ಕನ್ನಡಿಗಳ ಸಭಾಂಗಣ, ನೂಲು ಹಿಡಿದು ಎಳೆದಂತಹ ತೋಟ, ಕಾರಂಜಿಗಳು. ಒಳಗೆ ಬಂದವನು ದೊರೆಯ ಮುಂದೆ ತಾನು ಎಷ್ಟು ಚಿಕ್ಕವನೆಂದು ತಿಳಿಯಬೇಕು, ಅದಕ್ಕಾಗಿಯೇ ಈ ವೈಭವ. ಆ ಕಾಲದ ಈ ಶೈಲಿಗೆ ಬರೋಕ್ ಎಂದು ಹೆಸರು. ಗೋವಾಕ್ಕೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೊಮ್ ಜೀಸಸ್ ದೇವಾಲಯವನ್ನು ನೋಡಿದವರಿಗೆ ಇದು ತೀರ ಅಪರಿಚಿತವಲ್ಲ. 1605ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಬಂಗಾರದ ಬಣ್ಣದ ಪೀಠ ಇದೇ ಶೈಲಿಯದು.

ಅಂತಹ ಅಪ್ಪಟ ಬರೋಕ್ ಅರಮನೆ ನಮ್ಮ ಸೀಮೆಯಲ್ಲಿಲ್ಲ. ಚೌಮಹಲ್ಲಾದಲ್ಲಿ ಪರ್ಷಿಯಾ, ಮೊಗಲ್ ಮತ್ತು ಯುರೋಪಿನ ರೀತಿಗಳು ಬೆರೆತಿವೆ. ಆದರೆ ಬಾಗಿಲು ದಾಟಿದ ಕೂಡಲೇ ಬೆರಗಾಗುವ ಅನುಭವ ಮಾತ್ರ ಅದೇ.

ನಾರಾಯಣಖೇಡ, ಜೋಗಿಪೇಟೆ, ಸಂಗಾರೆಡ್ಡಿಯ ಮೇಲೆ ಹಾಯ್ದು ಹೈದರಾಬಾದ್ ಸೇರಿದೆವು. ಚಾರ್ಮಿನಾರಿನಿಂದ ಲಾಡ್ ಬಜಾರಿನ ಬಳೆ ಅಂಗಡಿಗಳ ನಡುವೆ ನಡೆದರೆ ಅರಮನೆ ಹತ್ತಿರವೇ. ಬಳೆಗಳ ಮುಂದೆ ನಿಂತ ಹೆಣ್ಣುಮಕ್ಕಳನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು!

ಒಳಗೆ ಬಂದರೆ ಬಜಾರಿನ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. ಹಸಿರು ಹುಲ್ಲು, ನಡುವೆ ಉದ್ದನೆಯ ನೀರಿನ ಕೊಳ, ಕಾರಂಜಿ. ಚೌಮಹಲ್ಲಾ ಎಂದರೆ ನಾಲ್ಕು ಮಹಲು. ದಕ್ಷಿಣದ ಅಂಗಳದಲ್ಲಿ ಅಫ್ಜಲ್ ಮಹಲ್, ಮಹತಾಬ್ ಮಹಲ್, ತಹನಿಯತ್ ಮಹಲ್, ಅಫ್ತಾಬ್ ಮಹಲ್ ಎಂಬ ನಾಲ್ಕು ಕಟ್ಟಡಗಳು ತೋಟದ ಸುತ್ತ ನಿಂತಿವೆ. ಇವುಗಳಲ್ಲಿ ದೊಡ್ಡದು ಎರಡಂತಸ್ತಿನ ಅಫ್ತಾಬ್ ಮಹಲ್. ಅದರ ಮುಂಭಾಗದ ಕಂಬಗಳು ಯುರೋಪಿನ ಮಾದರಿಯವು. 18ನೇ ಶತಮಾನದ ಮಧ್ಯದಲ್ಲಿ ಸಲಾಬತ್ ಜಂಗ್ ಆರಂಭಿಸಿದ ಈ ಅರಮನೆಯನ್ನು ಪೂರ್ತಿ ಮಾಡಿದವರು 1857ರಿಂದ 1869ರವರೆಗೆ ಆಳಿದ ಐದನೇ ನಿಜಾಮ ಅಫ್ಜಲುದ್ದೌಲಾ.

ಅರಮನೆಯ ಜೀವವೆಂದರೆ ಖಿಲ್ವತ್ ಮುಬಾರಕ್ ಎಂಬ ದರ್ಬಾರ್ ಸಭಾಂಗಣ. ಗಾರೆಯಲ್ಲಿ ಬಿಡಿಸಿದ ಹೂಬಳ್ಳಿಗಳು, ಅಮೃತಶಿಲೆಯ ಪೀಠ, ಮೇಲೆ ಬೆಲ್ಜಿಯಂ ಗಾಜಿನ 19 ತೂಗುದೀಪಗಳು. ಗಂಡುಹುಡುಗರಿಗೆ ಮಾತ್ರ ಇದಕ್ಕಿಂತ 1912ರ ಹಳದಿ ರೋಲ್ಸ್ ರಾಯ್ಸ್ ಕಾರೇ ಹೆಚ್ಚು ಇಷ್ಟವಾಯಿತು.

ತೂಗುದೀಪಗಳ ಕೆಳಗೆ ನಿಂತು ಒಬ್ಬ ಹುಡುಗಿ ಕೇಳಿದಳು: "ಮುತ್ಯಾ, ಇಷ್ಟು ರೊಕ್ಕ ಅವರಿಗೆ ಎಲ್ಲಿಂದ ಬಂತು?"

ಮುತ್ಯಾ ನಕ್ಕು ಹೇಳಿದರು: "ಎಲ್ಲಿಂದ ಬರ್ತದವ್ವ? ನಮ್ಮ ಹಿರ್ಯಾರು ಕಟ್ಟಿದ ಕಂದಾಯ. ನಮ್ಮ ಹೊಲದ ಜೋಳದ ಒಂದು ಕಾಳರೆ ಈ ದೀಪದಾಗ ಅದ, ನೋಡು."

ಈ ಮಾತು ನಮ್ಮೆಲ್ಲರ ಮನಸ್ಸಿನಲ್ಲಿ ಉಳಿಯಿತು. ನಮ್ಮ ಊರುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಆಗ ಬೀದರ್ ಜಿಲ್ಲೆಯವು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮೆದಕ್ ಜಿಲ್ಲೆಯೊಂದಿಗೆ ಆಂಧ್ರಪ್ರದೇಶಕ್ಕೆ ಸೇರಿದೆವು. ಮನೆಮಾತು ಕನ್ನಡ, ಹಳೆಯ ಕಾಗದಪತ್ರ ಉರ್ದು, ಇಂದಿನ ಕಚೇರಿ ತೆಲುಗು. ಈ ಚರಿತ್ರೆ ನಮ್ಮ ಮಕ್ಕಳಿಗೆ ಯಾವ ಪಾಠದಲ್ಲಿ ಸಿಗುತ್ತದೆ?

ಕಾರಂಜಿಯ ಮುಂದೆ ಕುಳಿತಾಗ ಮಾತು ನೀರಿನ ಕಡೆ ತಿರುಗಿತು. ವರ್ಸೇಲ್ಸ್ ತೋಟಕ್ಕೆ ಸೇನ್ ನದಿಯಿಂದ ನೀರೆತ್ತಲು 1684ರಲ್ಲಿ 14 ದೊಡ್ಡ ಚಕ್ರಗಳ ಯಂತ್ರವನ್ನೇ ನಿಲ್ಲಿಸಿದರು. ಆದರೂ ನೀರು ಸಾಲಲಿಲ್ಲ. ದೊರೆ ಹತ್ತಿರ ಬಂದಾಗ ಕಾರಂಜಿ ಬಿಡುವುದು, ಮುಂದೆ ಸಾಗಿದ ಕೂಡಲೇ ನಿಲ್ಲಿಸುವುದು, ಹೀಗೆ ನಡೆಯಿತು. ನಮ್ಮ ಮಂಜೀರಾ ನದಿಯೂ ದಶಕಗಳಿಂದ ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟಿದೆ. ಸಿಂಗೂರು ಜಲಾಶಯಕ್ಕಾಗಿ ನಮ್ಮ ಸೀಮೆಯ ರೈತರು ಹೊಲ ಕಳೆದುಕೊಂಡರು. ದೊಡ್ಡವರ ತೋಟದ ಹಸಿರಿಗೆ ದೂರದ ಯಾವುದೋ ಊರಿನ ಋಣ ಇದ್ದೇ ಇರುತ್ತದೆ.

ಹಾಗೆಂದು ಅರಮನೆಯನ್ನು ಶಪಿಸಿ ಬರಬೇಕೇ? ನಮಗೆ ಹಾಗೆ ಅನಿಸಲಿಲ್ಲ. ಗಾರೆ ಮೆತ್ತಿದ ಕೈ, ಕಲ್ಲು ಕೆತ್ತಿದ ಕೈ ನಮ್ಮಂಥವರದೇ. ಒಂದು ಕಾಲದಲ್ಲಿ 45 ಎಕರೆ ಇದ್ದ ಅರಮನೆಯಲ್ಲಿ ಈಗ ಉಳಿದಿರುವುದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಎಂಟನೇ ನಿಜಾಮ ಮುಕರ್ರಂ ಜಾ ಅವರಿಗೆ 1967ರಲ್ಲಿ ಪಟ್ಟವಾದದ್ದು ಇಲ್ಲಿಯೇ. ಆಮೇಲೆ ಅವರು ವಿದೇಶದಲ್ಲಿ ನೆಲೆಸಿದರು, ಅರಮನೆ ಪಾಳುಬಿತ್ತು. ಅವರ ಮೊದಲ ಪತ್ನಿ ರಾಜಕುಮಾರಿ ಎಸ್ರಾ ಮುಂದೆ ನಿಂತು ಜೀರ್ಣೋದ್ಧಾರ ಮಾಡಿಸಿದರು. 2005ರಲ್ಲಿ ಬಾಗಿಲು ಜನಸಾಮಾನ್ಯರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೋ ಪುರಸ್ಕಾರವೂ ಬಂತು. 2023ರ ಜನವರಿಯಲ್ಲಿ ಇಸ್ತಾಂಬುಲಿನಲ್ಲಿ ತೀರಿಕೊಂಡ ಮುಕರ್ರಂ ಜಾ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಟ್ಟದ್ದೂ ಇದೇ ಅರಮನೆಯಲ್ಲಿ. ಹಿಂದೆ ಅಪ್ಪಣೆಯಿಲ್ಲದೆ ಕಾಲಿಡಲಾಗದ ಅಂಗಳದಲ್ಲಿ ಇಂದು ನಮ್ಮ ಮಕ್ಕಳು ಟಿಕೆಟು ಹಿಡಿದು ಓಡಾಡುತ್ತಾರೆ. ಕೆಡವಿದ್ದರೆ ಮುತ್ಯಾನ ಮಾತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ಅರಮನೆ ಉಳಿಸಲು ರಾಜಕುಮಾರಿಯರಿದ್ದಾರೆ. ನಮ್ಮ ಮನೆಯ ಚರಿತ್ರೆಯನ್ನು ಉಳಿಸುವವರು ಯಾರು? ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಉರ್ದುವಿನಲ್ಲಿ ಬರೆದ ಹಳೆಯ ಜಮೀನಿನ ಕಾಗದಗಳಿವೆ. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ. ಗೆದ್ದಲು ಹಿಡಿಯುವ ಮೊದಲೇ ಅವನ್ನು ಓದಿಸಿ, ಕನ್ನಡದಲ್ಲಿ ಬರೆದಿಡೋಣ. ಅಜ್ಜಿ, ಮುತ್ಯಾ ಹೇಳುವ ರಜಾಕಾರರ ಕಾಲದ ಕಥೆಗಳನ್ನು, 1956ರ ನೆನಪುಗಳನ್ನು ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಇದಕ್ಕೆ ಬೇಕಾದದ್ದು ರೊಕ್ಕವಲ್ಲ, ಒಂದು ಸಂಜೆ.

ಹೋಗಬಯಸುವ ಕುಟುಂಬಗಳಿಗೆ ಒಂದು ಸೂಚನೆ: ಶುಕ್ರವಾರ ಅರಮನೆಗೆ ರಜೆ. ಉಳಿದ ದಿನ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನೋಡಬಹುದು. ಬಿಸಿಲೇರುವ ಮುನ್ನ ತೋಟ ನೋಡಿಬಿಡಿ. ಮನೆಯಲ್ಲಿ ನಡೆಯಬಲ್ಲ ಹಿರಿಯರಿದ್ದರೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಫಲಕದ ಮೇಲೆ ಬರೆಯದ ಮಾತುಗಳನ್ನು ಮಕ್ಕಳಿಗೆ ಹೇಳಬಲ್ಲವರು ಅವರೇ.