ಒಣಎಲೆಯ ವೇಷದ ಜೇಡ

ಮಲೆನಾಡಿನ ಕಾನಿನಲ್ಲಿ, ಅಂದರೆ ಊರವರು ಕಾಪಾಡಿಕೊಂಡು ಬಂದ ಕಾಡಿನಲ್ಲಿ, 2015ರಲ್ಲಿ ಸಿಕ್ಕ ಒಂದು ಜೇಡ ಮರುವರ್ಷದ ಕೊನೆಗೆ ಜಗತ್ತಿನ ಸುದ್ದಿಯಾಯಿತು. ಸಂಶೋಧಕರಾದ ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಜಾವಗಲ್ ಅದಕ್ಕೆ ಎರಿಯೊವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟಿದ್ದರು. ಅದರ ಹೊಟ್ಟೆಯ ಭಾಗ ತುದಿ ಬಾಗಿದ ಶಂಕುವಿನಂತಿದೆ. ಹ್ಯಾರಿ ಪಾಟರ್ ಕಥೆಯಲ್ಲಿ ಮಕ್ಕಳನ್ನು ಬೇರೆ ಬೇರೆ ತಂಡಗಳಿಗೆ ಹಂಚುವ ಮಾಂತ್ರಿಕ ಟೋಪಿಯದೂ ಅದೇ ಆಕಾರ. ಆ ಟೋಪಿಯ ಮೂಲ ಒಡೆಯ ಗಾಡ್ರಿಕ್ ಗ್ರಿಫಿಂಡರ್. ಲೇಖಕಿ ಜೆ. ಕೆ. ರೌಲಿಂಗ್ ಟ್ವಿಟರ್‌ನಲ್ಲಿ ಸಂತೋಷ ಹಂಚಿಕೊಂಡ ಮೇಲಂತೂ ಭತ್ತದ ಕಾಳಿನಷ್ಟಿರುವ ಈ ಜೀವಿಗೆ ಎಲ್ಲಿಲ್ಲದ ಪ್ರಚಾರ ಸಿಕ್ಕಿತು.

ಜೇಡಕ್ಕೆ ಮಾತ್ರ ಆ ಆಕಾರ ಬದುಕಿನ ಉಪಾಯ. ಸುಮಾರು 7 ಮಿ.ಮೀ. ಉದ್ದದ ಇದು ಚಕ್ರಾಕಾರದ ಬಲೆ ಹೆಣೆಯುವ ಅರಾನಿಡೇ ಕುಟುಂಬಕ್ಕೆ ಸೇರಿದ್ದು. ರಾತ್ರಿ ಚುರುಕಾಗಿರುತ್ತದೆ. ಹಗಲು ಕಾಲುಗಳನ್ನು ಮುದುಡಿಕೊಂಡು ಕೂತರೆ ಕಂದುಬಣ್ಣದ ಈ ಮೈ ಒಣಗಿದ ಎಲೆಯ ಚೂರಿನಂತೆ ಕಾಣುತ್ತದೆ. ಹುಳುಗಳನ್ನು ಹುಡುಕುವ ಹಕ್ಕಿಗೆ ಒಣಎಲೆಯಲ್ಲಿ ಆಸಕ್ತಿಯಿಲ್ಲ.

ಆದರೆ ವಿಚಿತ್ರ ಆಕಾರವೊಂದರಿಂದಲೇ ಜೇಡ ಹೊಸ ಪ್ರಭೇದವಾಗುವುದಿಲ್ಲ. ಒಂದೇ ಪ್ರಭೇದದಲ್ಲೂ ಬಣ್ಣ ಬೇರೆಬೇರೆ ಇರುತ್ತದೆ. ಮದ್ಯಸಾರದಲ್ಲಿಟ್ಟ ಮಾದರಿಯಲ್ಲಿ ಅದು ಮಾಸಿಯೂ ಹೋಗುತ್ತದೆ. ಹಾಗಾಗಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ಮುಖ್ಯವಾಗಿ ನೋಡುವುದು ಜನನಾಂಗಗಳನ್ನು: ಹೆಣ್ಣಿನಲ್ಲಿ ಹೊಟ್ಟೆಯ ಕೆಳಗಿನ ಗಡುಸು ಫಲಕ, ಗಂಡಿನಲ್ಲಿ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ. ಇವುಗಳ ರಚನೆ ಸಾಮಾನ್ಯವಾಗಿ ಒಂದೊಂದು ಪ್ರಭೇದದಲ್ಲಿ ಒಂದೊಂದು ಬಗೆ. ಪೂರ್ತಿ ಬೆಳೆಯದ ಮರಿಗಳಲ್ಲಿ ಇವು ರೂಪುಗೊಂಡಿರುವುದಿಲ್ಲವಾದ್ದರಿಂದ ಅವನ್ನು ಗುರುತಿಸುವುದು ಕಷ್ಟ.

ಆ ರಚನೆಯನ್ನು ಅಳೆದು, ಚಿತ್ರ ಬರೆದು, ಅದೇ ಕುಲದ ಈಗಾಗಲೇ ಹೆಸರುಳ್ಳ ಪ್ರಭೇದಗಳೊಂದಿಗೆ ಹೋಲಿಸಬೇಕು. ಹಳೆಯ ವಿವರಣೆಗಳ ಹುಡುಕಾಟ 1757ರವರೆಗೂ ಹೋಗಬಹುದು. ಸ್ವೀಡನ್ನಿನ ಕಾರ್ಲ್ ಕ್ಲೆರ್ಕ್ ಜೇಡಗಳ ಬಗ್ಗೆ ಆ ವರ್ಷ ಪ್ರಕಟಿಸಿದ ಪುಸ್ತಕದ ಹೆಸರುಗಳು ಇಂದಿಗೂ ಊರ್ಜಿತ. ಕೊನೆಗೆ ಒಂದು ಮಾದರಿಯನ್ನು ಆ ಹೆಸರಿನ ಅಧಿಕೃತ ಆಧಾರವೆಂದು ಘೋಷಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ಪರೀಕ್ಷಿಸಬಹುದು.

ಇಷ್ಟಾದರೂ ಜೇಡದ ಪರಿಚಯ ಅರ್ಧವೇ. ಗ್ರಿಫಿಂಡೋರಿಯ ಮೊದಲ ವಿವರಣೆಗೆ ಆಧಾರವಾಗಿದ್ದದ್ದು ಹೆಣ್ಣು ಜೇಡ ಮಾತ್ರ. ಎಷ್ಟೋ ಪ್ರಭೇದಗಳಲ್ಲಿ ಗಂಡು ಹೆಣ್ಣಿಗಿಂತ ತೀರ ಚಿಕ್ಕದಾಗಿ, ಬೇರೆಯದೇ ರೂಪದಲ್ಲಿರುತ್ತದೆ. ಹೀಗಾಗಿ ಜೋಡಿಯನ್ನು ಗುರುತಿಸಲು ದಶಕಗಳೇ ಹಿಡಿದ ಉದಾಹರಣೆಗಳಿವೆ.

ಜಗತ್ತಿನಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹೆಸರಿಲ್ಲದವು ಇನ್ನೂ ಬಹಳ ಇವೆ. ಹೆಸರಿರಲಿ, ಇಲ್ಲದಿರಲಿ, ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆ ತಿನ್ನುತ್ತವೆಂದು 2017ರ ಅಧ್ಯಯನವೊಂದು ಅಂದಾಜಿಸಿದೆ. ಅದರಲ್ಲಿ ಹೆಚ್ಚಿನದು ಕೀಟಗಳೇ.

ಮಲೆನಾಡಿನವರು ಕಾನನ್ನು ದೇವರ ಹೆಸರಿನಲ್ಲಿ, ನೀರಿನ ಒರತೆಗಾಗಿ, ಮೆಣಸಿನ ಬಳ್ಳಿಗಾಗಿ ಉಳಿಸಿಕೊಂಡು ಬಂದರು. ಆ ನೆರಳಿನಲ್ಲಿ ಹೆಸರಿಲ್ಲದ ಜೇಡಗಳೂ ಉಳಿದವು. ಪ್ರಭೇದವೊಂದನ್ನು ವಿವರಿಸಲು ಸೂಕ್ಷ್ಮದರ್ಶಕಕ್ಕೂ ಮೊದಲು ಬೇಕಾದದ್ದು ಅದು ಬದುಕಿರುವ ಕಾಡು. ಒತ್ತುವರಿಗೆ, ನೆಡುತೋಪಿಗೆ ಬಲಿಯಾದ ಕಾನಿನಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.